ವಿಜ್ಞಾನ ಪ್ರಾಜೆಕ್ಟಿಗೆ ವಿಷಯ ಹುಡುಕುವ ಬಗೆ: ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಶಾಲೆಗಳಿಗಾಗಿ

ವಿಜ್ಞಾನ ವಸ್ತುಪ್ರದರ್ಶನದ ಸುತ್ತೋಲೆ ಶಾಲೆಗೆ ಬಂದ ಮರುದಿನವೇ ಮಕ್ಕಳು ಸ್ಟೇಷನರಿ ಅಂಗಡಿಗೆ ಹೋಗಿ ಥರ್ಮಾಕೋಲ್ ಹಾಳೆ ಕೊಂಡು ತರುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಏನು ಮಾಡಬೇಕೆಂಬುದು ಇನ್ನೂ ನಿರ್ಧಾರವಾಗಿರುವುದಿಲ್ಲ, ಆದರೆ ಹಾಳೆ, ಬಣ್ಣ, ಅಂಟು ಎಲ್ಲವೂ ಸಿದ್ಧವಾಗಿರುತ್ತವೆ. ಹೀಗೆ ಆರಂಭವಾದ ಕೆಲಸ ಬಹುಮಟ್ಟಿಗೆ ಅಡುಗೆ ಸೋಡಾದ ಜ್ವಾಲಾಮುಖಿಯಾಗಿಯೋ, ಮಳೆನೀರು ಕೊಯ್ಲಿನ ಪುಟ್ಟ ಮನೆಯಾಗಿಯೋ ಮುಗಿಯುತ್ತದೆ. ಅವುಗಳನ್ನು ಮಾಡಬಾರದೆಂದಲ್ಲ, ಆದರೆ ಅವುಗಳ ಉತ್ತರ ಮಾಡುವವರಿಗೂ ನೋಡುವವರಿಗೂ ಮೊದಲೇ ಗೊತ್ತಿರುತ್ತದೆ. ಒಳ್ಳೆಯ ಪ್ರಾಜೆಕ್ಟಿನ ವಿಷಯವೆಂದರೆ ನನ್ನ ದೃಷ್ಟಿಯಲ್ಲಿ ಮನೆಯಿಂದ ಶಾಲೆಗೆ ನಡೆಯುವಷ್ಟು ದೂರದೊಳಗೆ ಅಳೆದು ನೋಡಬಹುದಾದ, ಉತ್ತರವು ಪಠ್ಯಪುಸ್ತಕದಲ್ಲಿ ಸಿದ್ಧವಾಗಿ ಸಿಗದ ಒಂದು ಪ್ರಶ್ನೆ. ಕಾಫಿ, ಅಡಿಕೆ, ಮೆಣಸು, ಆಲೂಗೆಡ್ಡೆ, ತೆಂಗು ಎಲ್ಲವೂ ಇರುವ, ಒಂದೇ ಜಿಲ್ಲೆಯೊಳಗೆ ಮಲೆನಾಡೂ ಬಯಲುಸೀಮೆಯೂ ಸೇರಿರುವ ಹಾಸನ ಮತ್ತು ಚಿಕ್ಕಮಗಳೂರಿನಲ್ಲಿ ಅಂತಹ ಪ್ರಶ್ನೆಗಳಿಗೆ ಬರವಿಲ್ಲ.

ಯಾವ ವೇದಿಕೆ ಎಂಬುದು ಮೊದಲು ತಿಳಿಯಲಿ

ವಿಷಯ ಹುಡುಕುವುದಕ್ಕೆ ಮುಂಚೆ ಪ್ರಾಜೆಕ್ಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾರ್ಗದರ್ಶಿ ಶಿಕ್ಷಕರು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಪ್ರತಿಯೊಂದು ವೇದಿಕೆಯೂ ಬೇರೆಯದನ್ನೇ ಬೇಡುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಜೊತೆಗೂಡಿ ನಡೆಸುವ ಇನ್‌ಸ್ಪೈರ್ ಮಾನಕ್ ಯೋಜನೆಗೆ ಬೇಕಾದದ್ದು ಜನರ ಯಾವುದಾದರೂ ತೊಂದರೆಯನ್ನು ಪರಿಹರಿಸುವ ಹೊಸ ಆಲೋಚನೆ. ಶಾಲೆಯೊಂದು ಐದು ಆಲೋಚನೆಗಳವರೆಗೆ ಆನ್‌ಲೈನ್ ಮೂಲಕ ಕಳುಹಿಸಬಹುದು, ಆಯ್ಕೆಯಾದ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಇಲ್ಲಿ ಜ್ವಾಲಾಮುಖಿಗೆ ಸ್ಥಾನವಿಲ್ಲ. ಅಡಿಕೆ ಸುಲಿಯುವಾಗ ಕೈ ಕುಯ್ದುಕೊಳ್ಳುವ ಅಜ್ಜಿಗೆ ನೆರವಾಗುವ ಒಂದು ಸಣ್ಣ ಸಲಕರಣೆಗೆ ಸ್ಥಾನವಿದೆ.

1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಸ್ವರೂಪ ಇದಕ್ಕೆ ವಿರುದ್ಧವಾದದ್ದು. 10ರಿಂದ 17 ವರ್ಷದೊಳಗಿನ ಮಕ್ಕಳು ಸಣ್ಣ ತಂಡವಾಗಿ, ತಮ್ಮ ಊರಿನ ಒಂದು ಸಮಸ್ಯೆಯನ್ನು ಆಯ್ದುಕೊಂಡು, ಅಂಕಿ ಅಂಶ ಸಂಗ್ರಹಿಸಿ, ವರದಿ ಬರೆದು ಮಂಡಿಸಬೇಕು. ಅಲ್ಲಿ ಮಾದರಿಗಿಂತ ದಿನಚರಿ ಪುಸ್ತಕಕ್ಕೆ ಬೆಲೆ ಹೆಚ್ಚು, ಮತ್ತು ಕನ್ನಡದಲ್ಲಿಯೇ ಮಂಡಿಸಲು ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಈ ಸಮಾವೇಶವನ್ನು ಸಂಘಟಿಸುತ್ತ ಬಂದಿರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹೊರತರುವ ‘ಬಾಲ ವಿಜ್ಞಾನ’ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಶಾಲೆಯ ಗ್ರಂಥಾಲಯದಲ್ಲಿ ಇದ್ದರೆ ಅವುಗಳ ಧೂಳು ಕೊಡವಿ ನೋಡುವುದು ಲಾಭದಾಯಕ. ಇನ್ನು ಎನ್‌ಸಿಇಆರ್‌ಟಿಯ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೂ, ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಸಂಘಟಿಸುವ ದಕ್ಷಿಣ ಭಾರತ ವಿಜ್ಞಾನ ಮೇಳಕ್ಕೂ ಮೇಜಿನ ಮೇಲೆ ನಿಲ್ಲುವ ವಸ್ತು ಬೇಕೇ ಬೇಕು. ಅವುಗಳ ಮುಖ್ಯ ವಿಷಯ ಮತ್ತು ಉಪವಿಷಯಗಳು ಸುತ್ತೋಲೆಯಲ್ಲಿಯೇ ಇರುತ್ತವೆ. ಸುತ್ತೋಲೆಯನ್ನು ಪೂರ್ತಿ ಓದದೆ ವಿಷಯ ನಿರ್ಧರಿಸಿದ ತಂಡಗಳು ತಾಲ್ಲೂಕು ಮಟ್ಟದಲ್ಲಿಯೇ ಹಿಂದಿರುಗುವುದು ಪ್ರತಿ ವರ್ಷದ ಕಥೆ.

ತೋಟದ ಮಳೆ ಪುಸ್ತಕ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಮಕ್ಕಳಿಗೆ ನಾನು ಮೊದಲು ಸೂಚಿಸುವುದು ಮಳೆಯನ್ನು. ಇಲ್ಲಿನ ಕಾಫಿ ತೋಟಗಳಲ್ಲಿ ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಇದೆ, ಮತ್ತು ಕೆಲವು ಹಳೆಯ ತೋಟಗಳಲ್ಲಿ ಆ ದಾಖಲೆ ತಲೆಮಾರುಗಳಷ್ಟು ಹಿಂದಕ್ಕೆ ಹೋಗುತ್ತದೆ. “ನಿಮ್ಮಲ್ಲಿ ನಿನ್ನೆ ಎಷ್ಟು ಸೆಂಟ್ ಬಿತ್ತು?” ಎಂಬುದು ಬೆಳೆಗಾರರ ನಡುವಿನ ಸಾಮಾನ್ಯ ಮಾತು. ನೂರು ಸೆಂಟ್ ಎಂದರೆ ಒಂದು ಇಂಚು, ಒಂದು ಇಂಚು ಎಂದರೆ 25.4 ಮಿಲಿಮೀಟರ್. ತೋಟದ ಮಾಲೀಕರನ್ನೋ ಲೆಕ್ಕ ಬರೆಯುವ ರೈಟರನ್ನೋ ವಿನಯದಿಂದ ಕೇಳಿ ಆ ಪುಸ್ತಕದ ಇಪ್ಪತ್ತು, ಮೂವತ್ತು ವರ್ಷಗಳ ಪುಟಗಳ ಫೋಟೋ ತೆಗೆದುಕೊಂಡರೆ, ಒಂದು ರೂಪಾಯಿ ಖರ್ಚಿಲ್ಲದೆ ಗಂಭೀರವಾದ ಸಂಶೋಧನೆಗೆ ಬೇಕಾದ ಸಾಮಗ್ರಿ ಕೈಗೆ ಬಂದಂತೆ.

ಆದರೆ ‘ಮಳೆಯ ಪ್ರಮಾಣದ ಅಧ್ಯಯನ’ ಎಂಬುದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಬೇಸಿಗೆಯ ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಕಾಫಿ ಗಿಡ ಹೂಬಿಡುತ್ತದೆ, ಅದಕ್ಕೆ ಸುಮಾರು ಒಂದು ಇಂಚಿನಷ್ಟಾದರೂ ಮಳೆ ಬೇಕೆಂಬುದು ಬೆಳೆಗಾರರ ಅನುಭವದ ಮಾತು. ಹಾಗಿದ್ದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಮೊದಲ ಒಂದು ಇಂಚಿನ ಮಳೆ ಮೂವತ್ತು ವರ್ಷಗಳ ಹಿಂದೆ ಯಾವ ವಾರದಲ್ಲಿ ಬೀಳುತ್ತಿತ್ತು, ಈಚಿನ ವರ್ಷಗಳಲ್ಲಿ ಯಾವ ವಾರದಲ್ಲಿ ಬೀಳುತ್ತಿದೆ? ಕೊಯ್ಲಿನ ಕಾಲವಾದ ಡಿಸೆಂಬರ್ ಮತ್ತು ಜನವರಿಯಲ್ಲಿ ಮಳೆ ಬಿದ್ದ ದಿನಗಳು ಹೆಚ್ಚಾಗಿವೆಯೇ? ಇವು ಪ್ರಶ್ನೆಗಳು. ಇವಕ್ಕೆ ‘ಹೌದು’, ‘ಇಲ್ಲ’, ‘ಈ ದಾಖಲೆಯಿಂದ ಹೇಳಲಾಗದು’ ಎಂಬ ಮೂರರಲ್ಲಿ ಯಾವ ಉತ್ತರ ಬಂದರೂ ಪ್ರಾಜೆಕ್ಟು ಗಟ್ಟಿಯಾಗಿಯೇ ಇರುತ್ತದೆ.

ಬಯಲುಸೀಮೆಯ ಮಕ್ಕಳು, ಅಂದರೆ ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನವರು, ಇಂತಹ ಪುಸ್ತಕ ಸಿಗದಿದ್ದರೆ ತಾವೇ ಮಳೆಮಾಪಕ ಮಾಡಿಕೊಳ್ಳಬಹುದು. ಕತ್ತರಿಸಿದ ತಂಪುಪಾನೀಯದ ಬಾಟಲಿಗೆ ಸ್ಕೇಲು ಅಂಟಿಸಿ ನೇರವಾಗಿ ಓದುವ ಕ್ರಮವನ್ನು ಹಲವು ಪುಸ್ತಕಗಳು ಹೇಳುತ್ತವೆಯಾದರೂ, ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಳತೆ ತಪ್ಪುತ್ತದೆ. ಅದಕ್ಕಿಂತ ಬಾಟಲಿಯ ಬಾಯಿಗೆ 10 ಸೆಂಟಿಮೀಟರ್ ವ್ಯಾಸದ ಲಾಳಿಕೆ ಕೂರಿಸಿ, ಬೆಳಿಗ್ಗೆ ಒಂದೇ ಹೊತ್ತಿಗೆ ಸಂಗ್ರಹವಾದ ನೀರನ್ನು ಔಷಧಿಯ ಅಳತೆ ಲೋಟದಲ್ಲಿ ಅಳೆಯುವುದು ಸರಿ. ಆ ಲಾಳಿಕೆಯ ಬಾಯಿಯ ವಿಸ್ತೀರ್ಣ 78.5 ಚದರ ಸೆಂಟಿಮೀಟರ್ ಆಗುತ್ತದೆ, ಆದ್ದರಿಂದ 78.5 ಮಿಲಿಲೀಟರ್ ನೀರು ಸಿಕ್ಕಿದರೆ 10 ಮಿಲಿಮೀಟರ್ ಮಳೆ ಬಿದ್ದಿದೆ ಎಂದರ್ಥ. ಒಂದೇ ಶಾಲೆಗೆ ಬೇರೆ ಬೇರೆ ಊರುಗಳಿಂದ ಬಸ್ಸಿನಲ್ಲಿ ಬರುವ ಐದಾರು ಮಕ್ಕಳು ತಂತಮ್ಮ ಮನೆಯಂಗಳದಲ್ಲಿ, ಮರ ಮತ್ತು ಮಾಡಿನಿಂದ ದೂರವಾಗಿ ಒಂದೊಂದು ಮಾಪಕ ಇಟ್ಟರೆ, ಪಶ್ಚಿಮದಿಂದ ಪೂರ್ವಕ್ಕೆ ಮಳೆ ಹೇಗೆ ಇಳಿಯುತ್ತ ಹೋಗುತ್ತದೆಂಬುದು ಒಂದೇ ಮುಂಗಾರಿನಲ್ಲಿ ಕಾಣಸಿಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಹೊಂದಿರುವುದರಿಂದ ತಮ್ಮ ಅಳತೆಯನ್ನು ಅದರೊಡನೆ ಹೋಲಿಸಿ ನೋಡುವುದೂ ಸಾಧ್ಯ.

ಮೈಲುತುತ್ತ, ಸುಣ್ಣ ಮತ್ತು ಕತ್ತಿಯ ಅಲಗು

ಇನ್ನೊಂದು ವಿಷಯದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಹತ್ತನೆಯ ತರಗತಿಯ ರಸಾಯನಶಾಸ್ತ್ರ ಅಡಿಕೆ ತೋಟದಲ್ಲಿ ಇಷ್ಟು ನೇರವಾಗಿ ಸಿಗುವುದು ಅಪರೂಪ. ಮುಂಗಾರು ಹಿಡಿಯುವುದಕ್ಕೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿನ ಪ್ರತಿಯೊಂದು ಮಗುವೂ ನೋಡಿರುತ್ತದೆ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡ ಈ ಮದ್ದನ್ನು ನಮ್ಮ ಅಡಿಕೆಗೆ ಬಳಸಬಹುದೆಂದು ತೋರಿಸಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬುದು ಎಲ್ಲರೂ ಬಲ್ಲ ಲೆಕ್ಕ. ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ಹಿರಿಯರು ಉಜ್ಜಿ ತೊಳೆದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಛಾಯೆ ಹಿಡಿದಿದ್ದರೆ “ಸುಣ್ಣ ಸಾಲದು” ಎನ್ನುತ್ತಾರೆ, ಇನ್ನಷ್ಟು ಸುಣ್ಣದ ನೀರು ಸುರಿಯುತ್ತಾರೆ. ಆ ಕೆಂಪು ತಾಮ್ರದ್ದು. ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರವನ್ನು ಕಬ್ಬಿಣವು ಸ್ಥಾನಪಲ್ಲಟಗೊಳಿಸುತ್ತದೆ. ಪಠ್ಯಪುಸ್ತಕದಲ್ಲಿ ತಾಮ್ರದ ಸಲ್ಫೇಟಿನೊಳಗೆ ಕಬ್ಬಿಣದ ಮೊಳೆ ಅದ್ದುವ ಪ್ರಯೋಗ ಇದೇ.

ಈಗ ಪ್ರಶ್ನೆ ಕಟ್ಟೋಣ. ಗಾಳಿಗೆ ತೆರೆದಿಟ್ಟ ಸುಣ್ಣ ವಾತಾವರಣದ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ರಮೇಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅದರ ಕಸುವು ಕುಂದುತ್ತದೆ. ಹಾಗಾದರೆ ಇಂದು ಒಡೆದ ಪೊಟ್ಟಣದ ಸುಣ್ಣ, ವಾರದ ಹಿಂದೆ ಒಡೆದದ್ದು, ತಿಂಗಳ ಹಿಂದೆ ಒಡೆದು ಮೂಲೆಯಲ್ಲಿ ಬಿದ್ದಿದ್ದು, ಈ ಮೂರರಲ್ಲಿ ಪ್ರತಿಯೊಂದೂ 10 ಗ್ರಾಂ ಮೈಲುತುತ್ತವನ್ನು ತಟಸ್ಥಗೊಳಿಸಲು ಎಷ್ಟೆಷ್ಟು ಬೇಕು? ಅರ್ಧ ಲೀಟರ್ ನೀರಿನಲ್ಲಿ ಮೈಲುತುತ್ತವನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಸುಣ್ಣವನ್ನು ಅರ್ಧರ್ಧ ಗ್ರಾಂನಂತೆ ತೂಗಿ ಸ್ವಲ್ಪ ನೀರಿನಲ್ಲಿ ಕದಡಿ ಸೇರಿಸುತ್ತ, ಪ್ರತಿ ಸಲವೂ ಉಜ್ಜಿದ ಮೊಳೆಯಿಂದಲೂ ಪಿಎಚ್ ಕಾಗದದಿಂದಲೂ ಪರೀಕ್ಷಿಸಬೇಕು. ಪ್ರತಿಯೊಂದು ಸುಣ್ಣಕ್ಕೂ ಈ ಪರೀಕ್ಷೆ ಮೂರು ಸಲವಾದರೂ ಆಗಬೇಕು. ನೀರು, ಮೈಲುತುತ್ತ, ಮೊಳೆ ಅದ್ದುವ ಸಮಯ ಯಾವುದೂ ಬದಲಾಗಕೂಡದು. ಇದರಲ್ಲಿ ಒಂದು ಸ್ವಾರಸ್ಯವಿದೆ. ರಾಸಾಯನಿಕ ಸಮೀಕರಣದ ಲೆಕ್ಕದಂತೆ 10 ಗ್ರಾಂ ಮೈಲುತುತ್ತಕ್ಕೆ ಶುದ್ಧವಾದ ಅರಳಿದ ಸುಣ್ಣ ಸುಮಾರು 3 ಗ್ರಾಂ ಸಾಕು. ಆದರೂ ತೋಟದಲ್ಲಿ ಸಮತೂಕ ಹಾಕುತ್ತಾರೆ. ಏಕೆ ಎಂದು ತೀರ್ಪುಗಾರರು ಕೇಳುವುದಕ್ಕೆ ಮುಂಚೆ ವಿದ್ಯಾರ್ಥಿಯೇ ತನ್ನನ್ನು ಕೇಳಿಕೊಳ್ಳಲಿ. ಸುಣ್ಣದ ಗುಣಮಟ್ಟವನ್ನು ಅಳೆದ ಅವನ ಕೋಷ್ಟಕದಲ್ಲಿಯೇ ಉತ್ತರದ ಒಂದು ಭಾಗ ಇರುತ್ತದೆ.

ಮೈಲುತುತ್ತ ವಿಷಕಾರಿ. ಕೈಗವಸು, ಕನ್ನಡಕ, ಶಿಕ್ಷಕರ ಅಥವಾ ಮನೆಯ ಹಿರಿಯರ ಹಾಜರಿ ಇಲ್ಲದೆ ಇದನ್ನು ಮುಟ್ಟಕೂಡದು. ಉಳಿದ ದ್ರಾವಣವನ್ನು ಹಳ್ಳಕ್ಕೋ ಚರಂಡಿಗೋ ಸುರಿಯದೆ, ಔಷಧಿ ಹೊಡೆಯುತ್ತಿರುವ ತೋಟದವರ ಡ್ರಮ್ಮಿಗೆ ಸೇರಿಸಬೇಕು. ತಾಮ್ರ ನೀರಿಗೆ ಸೇರಿದರೆ ಮೀನುಗಳಿಗೆ ಅಪಾಯ.

ಇನ್ನು ಕೆಲವು ದಾರಿಗಳು

ಹಾಸನದ ಸುತ್ತಲಿನ ಆಲೂಗೆಡ್ಡೆ ಬೆಳೆಗಾರರು ಬಿತ್ತನೆ ಗೆಡ್ಡೆಯನ್ನು ಕತ್ತರಿಸಿ ನೆಡುತ್ತಾರೆ. ತುಂಡಿನ ತೂಕಕ್ಕೂ ಮೊಳಕೆಯ ಎತ್ತರಕ್ಕೂ ಸಂಬಂಧವಿದೆಯೇ, ಕತ್ತರಿಸಿದ ಭಾಗಕ್ಕೆ ಬೂದಿ ಹಚ್ಚಿದರೆ ಕೊಳೆಯುವುದು ಕಡಿಮೆಯಾಗುತ್ತದೆಯೇ ಎಂಬುದನ್ನು ಗ್ರೋ ಬ್ಯಾಗುಗಳಲ್ಲಿ ನೆಟ್ಟು ನೋಡಬಹುದು. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರದ ಕೆಳಗಿನ ಮತ್ತು ಹಲಸು, ಅತ್ತಿಯಂತಹ ಅಗಲ ಎಲೆಯ ಮರದ ಕೆಳಗಿನ ಮಣ್ಣಿನ ತೇವವನ್ನು ಹೋಲಿಸುವುದಕ್ಕೆ ಬೇಕಾದದ್ದು ತಕ್ಕಡಿಯೊಂದೇ: 100 ಗ್ರಾಂ ಮಣ್ಣನ್ನು ಪೂರ್ತಿ ಒಣಗಿಸಿ ಮತ್ತೆ ತೂಗಿದರೆ ಕಡಿಮೆಯಾದ ತೂಕವೇ ನೀರು.

ಭೌತಶಾಸ್ತ್ರದ ಒಲವಿರುವವರಿಗೆ ನಮ್ಮ ಎತ್ತರವೇ ಪ್ರಯೋಗಶಾಲೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರಿನ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸಕಲೇಶಪುರದ ಹುಡುಗಿಯೊಬ್ಬಳು ಅದೇ ಥರ್ಮಾಮೀಟರನ್ನು ಜೊತೆಗೊಯ್ದು ಶಿರಾಡಿ ಘಾಟಿಯ ಕೆಳಗಿನ ನೆಂಟರ ಮನೆಯಲ್ಲಿಯೂ ನೀರು ಕುದಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಬೇಳೆ ಬೇಯಲು ಕುಕ್ಕರ್ ಏಕೆ ಬೇಕೆಂಬುದರ ಕಾರಣವೂ ಜೊತೆಗೆ ತಿಳಿಯುತ್ತದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವು 1982ರಿಂದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಬೇಕು, ಆದರೆ ಮನೆಯ ಮೇಲಿನ ಡಿಶ್ ನೋಡಲು ಯಾರ ಅನುಮತಿಯೂ ಬೇಡ. ಡಿಡಿ ಫ್ರೀ ಡಿಶ್‌ನ ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಇದೆ. ಹಾಸನದಿಂದ ಅದು ಆಗ್ನೇಯ ದಿಕ್ಕಿನಲ್ಲಿ ಸುಮಾರು 65 ಡಿಗ್ರಿ ಮೇಲೆ ಇರಬೇಕೆಂದು ತ್ರಿಕೋನಮಿತಿ ಹೇಳುತ್ತದೆ. ಆದರೆ ತಟ್ಟೆ ಅಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ! ಈ ಅಂತರಕ್ಕೆ ಕಾರಣ ಹುಡುಕುವುದು ಪಿಯುಸಿ ವಿದ್ಯಾರ್ಥಿಗೆ ತಕ್ಕ ಕೆಲಸ.

ಹಳೇಬೀಡು, ಬೇಲೂರಿನ ಮಕ್ಕಳು ತಮ್ಮೂರಿನ ಹೊಯ್ಸಳ ದೇವಾಲಯಗಳನ್ನು ಕಟ್ಟಲು ಬಳಸಿದ ಬಗೆಯ ಬಳಪದ ಕಲ್ಲಿನ ಸಾಂದ್ರತೆ, ಗಡಸುತನ, ನೀರು ಹೀರುವ ಗುಣಗಳನ್ನು ಗ್ರಾನೈಟಿನೊಡನೆ ಹೋಲಿಸಬಹುದು. ಕಲ್ಲಿನ ಚೂರನ್ನು ಈಗಿನ ಶಿಲ್ಪಿಗಳ ಕಾರ್ಯಾಗಾರದಲ್ಲಿ ಕೇಳಿ ಪಡೆಯಬೇಕೇ ವಿನಾ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ದೇವಾಲಯಗಳ ಆವರಣದಿಂದ ಒಂದು ಹರಳನ್ನೂ ಎತ್ತಿಕೊಳ್ಳುವಂತಿಲ್ಲ.

ಯಾರನ್ನು ಕೇಳಬೇಕು, ಏನನ್ನು ಬಳಸಬೇಕು

ವಿಷಯ ಸಿಕ್ಕಿದ ಮೇಲೆ ಅಂತರ್ಜಾಲಕ್ಕೆ ಹೋಗುವುದಕ್ಕಿಂತ ಮೊದಲು ಮನುಷ್ಯರ ಬಳಿಗೆ ಹೋಗುವುದು ಉತ್ತಮ. ಹೋಬಳಿಯ ರೈತ ಸಂಪರ್ಕ ಕೇಂದ್ರ, ಹಾಸನದ ಕಂದಲಿ ಮತ್ತು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಗಳು, ಕಾರೇಕೆರೆಯ ಕೃಷಿ ಕಾಲೇಜು, 1925ರಲ್ಲಿ ಆರಂಭವಾದ ಬಾಳೆಹೊನ್ನೂರು ಸಮೀಪದ ಕಾಫಿ ಸಂಶೋಧನಾ ಕೇಂದ್ರ ಇವೆಲ್ಲವೂ ಕೈಗೆಟಕುವ ದೂರದಲ್ಲಿವೆ. ಹೋಗುವಾಗ ಮುಖ್ಯೋಪಾಧ್ಯಾಯರ ಪತ್ರ ಇರಲಿ. “ಸಾರ್, ಒಂದು ಪ್ರಾಜೆಕ್ಟ್ ಕೊಡಿ” ಎಂದು ಕೇಳಿದರೆ ಕೈಗೊಂದು ಕರಪತ್ರ ಕೊಟ್ಟು ಕಳುಹಿಸುತ್ತಾರೆ, “ಸಾರ್, ಮೂರು ಬಗೆಯ ಸುಣ್ಣ ಪರೀಕ್ಷೆ ಮಾಡಿದೆವು, ಎರಡನೆಯದರ ಫಲಿತಾಂಶ ಏಕೆ ಹೀಗೆ ಬಂತು?” ಎಂದು ಕೋಷ್ಟಕ ಮುಂದಿಟ್ಟರೆ ಕುರ್ಚಿ ಎಳೆದು ಕೂರಿಸುತ್ತಾರೆ.

ಉಪಕರಣಗಳ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ಗ್ರಾಂನ ಹತ್ತನೆಯ ಒಂದು ಭಾಗವನ್ನು ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಪಿಎಚ್ ಕಾಗದ, ಪ್ರಯೋಗಾಲಯದ ಥರ್ಮಾಮೀಟರ್ ಇದ್ದರೆ ಮೇಲೆ ಹೇಳಿದ ಬಹುತೇಕ ಕೆಲಸ ನಡೆಯುತ್ತದೆ. ಪಿಎಚ್ ಕಾಗದ ಸಿಗದಿದ್ದರೆ ಕೆಂಪು ದಾಸವಾಳದ ರಸ ಆಮ್ಲ, ಪ್ರತ್ಯಾಮ್ಲಗಳ ಭೇದವನ್ನಾದರೂ ತೋರಿಸುತ್ತದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ರೂಪಿಸಿದ ಉಚಿತ ಆ್ಯಪ್ ‘ಫೈಫಾಕ್ಸ್’ ಮೊಬೈಲಿನೊಳಗಿನ ಸಂವೇದಕಗಳನ್ನು ಬಳಸಿ ಬೆಳಕು, ಶಬ್ದ, ಕಂಪನ, ಕೆಲವು ಫೋನುಗಳಲ್ಲಿ ವಾಯುಭಾರವನ್ನೂ ಅಳೆಯುತ್ತದೆ. ಬೆಳಕಿನ ಅಳತೆ ಐಫೋನಿನಲ್ಲಿ ಆಗುವುದಿಲ್ಲ. ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುವುದರಿಂದ ಕಾಫಿ ಎಲೆಯ ತುಕ್ಕುರೋಗದ ಬೀಜಕಣಗಳನ್ನು ನೋಡಲು ಅದು ಸಾಕು. ಕಸದಿಂದ ಆಟಿಕೆ ಮಾಡುವ ಅರವಿಂದ ಗುಪ್ತ ಅವರ ಜಾಲತಾಣ ಕಿರಿಯ ತರಗತಿಯವರಿಗೆ ನಿಧಿ ಇದ್ದಂತೆ. ಸಂವೇದಕ, ಸರ್ಕ್ಯೂಟುಗಳ ಕೆಲಸವಿದ್ದರೆ ಸಮೀಪದ ಯಾವ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಇದೆ ಎಂದು ವಿಚಾರಿಸಿ. ಬೀಗ ಹಾಕಿಟ್ಟ ಪ್ರಯೋಗಾಲಯಗಳೂ ಉಂಟು, ಆದರೆ ಕೇಳಿದವರಿಗೆ ಬೀಗ ತೆಗೆಯುವ ಶಿಕ್ಷಕರೂ ಉಂಟು.

ಸಿದ್ಧ ಮಾದರಿಗಳನ್ನು ಹಣಕ್ಕೆ ಮಾರುವ ಅಂಗಡಿಗಳ ವಿಷಯ ಪೋಷಕರಿಗೆ ಒಂದು ಮಾತು. ಅಲ್ಲಿಂದ ತಂದ ಹೈಡ್ರಾಲಿಕ್ ಜೆಸಿಬಿಯ ಮುಂದೆ ನಿಂತ ಮಗುವಿಗೆ “ಈ ಪೈಪು ಸಣ್ಣದಿದ್ದರೆ ಏನಾಗುತ್ತಿತ್ತು?” ಎಂದು ತೀರ್ಪುಗಾರರು ಕೇಳಿದ ಕೂಡಲೇ ಎಲ್ಲವೂ ಬಯಲಾಗುತ್ತದೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ವರದಿಗೂ ಇದೇ ಗತಿ.

ಕಾಲ ಮತ್ತು ಎಚ್ಚರಿಕೆ

ಆಲೂರು, ಸಕಲೇಶಪುರ, ಮೂಡಿಗೆರೆ ಭಾಗದಲ್ಲಿ ಆನೆಗಳ ಓಡಾಟವಿರುವುದರಿಂದ ಮುಂಜಾನೆ ಮತ್ತು ಸಂಜೆ ಮಕ್ಕಳನ್ನು ಒಂಟಿಯಾಗಿ ತೋಟಕ್ಕೆ ಕಳುಹಿಸಿ ಅಳತೆ ತೆಗೆಸುವ ಯಾವ ಯೋಜನೆಯನ್ನೂ ಹಾಕಿಕೊಳ್ಳಬಾರದು. ಅಂಗಳದಲ್ಲಿ ಆಗುವ ಅಳತೆಯನ್ನೇ ಆಯ್ದುಕೊಳ್ಳಬೇಕು. ಹೇಮಾವತಿ, ಭದ್ರಾ ನದಿಗಳ ನೀರಿನ ಮಾದರಿ ಬೇಕಿದ್ದರೆ ದೊಡ್ಡವರು ತಂದುಕೊಡಲಿ. ಹಕ್ಕಿ, ಹಾವು, ಕಪ್ಪೆಗಳನ್ನು ಹಿಡಿಯದೆ ನೋಡಿ ದಾಖಲಿಸುವ ಪ್ರಾಜೆಕ್ಟುಗಳನ್ನು ಮಾತ್ರ ಮಾಡಬೇಕು. ಸೂಕ್ಷ್ಮಜೀವಿಗಳನ್ನು ಮನೆಯಲ್ಲಿ ಬೆಳೆಸುವುದು ಬೇಡ.

ಕಾಲದ ವಿಷಯದಲ್ಲಿ ಶಾಲೆಯ ಕ್ಯಾಲೆಂಡರಿಗಿಂತ ಬೆಳೆಯ ಕ್ಯಾಲೆಂಡರನ್ನು ಅನುಸರಿಸುವುದು ಅನಿವಾರ್ಯ. ಹೂಮಳೆಯ ಪ್ರಾಜೆಕ್ಟಿಗೆ ಫೆಬ್ರವರಿಯಲ್ಲಿಯೇ ಮಳೆಮಾಪಕ ನೆಡಬೇಕು. ಬೋರ್ಡೋ ಪರೀಕ್ಷೆ ಮೇ ತಿಂಗಳ ರಜೆಯಲ್ಲಿ, ತೋಟದಲ್ಲಿ ಔಷಧಿ ಹೊಡೆಯುವ ದಿನಗಳಲ್ಲಿಯೇ ಆಗಬೇಕು. ಆಲೂಗೆಡ್ಡೆ ಹೊರಗಿನ ಬಿತ್ತನೆಯ ಜೊತೆಗೇ ನೆಲಕ್ಕೆ ಬೀಳಬೇಕು. ಕುದಿಯುವ ನೀರು ಯಾವಾಗಲಾದರೂ ಸರಿ. ಸುತ್ತೋಲೆ ಬರುವ ಹೊತ್ತಿಗೆ ಅಳತೆಗಳು ಮುಗಿದಿದ್ದರೆ ಉಳಿದ ವಾರಗಳನ್ನು ನಕ್ಷೆ ಬಿಡಿಸಲು, ಅನುಮಾನವಿರುವ ಒಂದೆರಡು ಅಳತೆಗಳನ್ನು ಮತ್ತೆ ತೆಗೆಯಲು, ವರದಿ ಬರೆಯಲು ಬಳಸಬಹುದು. ದಿನಾಂಕ, ವೇಳೆ, ಹವೆ, ಅಳತೆ, ಅಳೆದವರ ಹೆಸರು ಎಂಬ ಐದು ಅಂಕಣಗಳ ದಿನಚರಿ ಪುಸ್ತಕವನ್ನು ಪೆನ್ನಿನಿಂದಲೇ ಬರೆಯಬೇಕು. ತಪ್ಪಾದದ್ದನ್ನು ಅಳಿಸದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ಮತ್ತು ಪ್ರದರ್ಶನದ ದಿನ ಆ ಪುಸ್ತಕವನ್ನು ಚೀಲದಲ್ಲಿ ಇಡದೆ ಮಾದರಿಯ ಪಕ್ಕದಲ್ಲಿ ತೆರೆದಿಡಬೇಕು.